ಬೋಧಕರ ಮನೆಯ ಸಾಲ

ಪಾಠ: 2 ಅರಸುಗಳು 4:1-7. ಮೊದಲು ಇದನ್ನು ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಈ ಏಳು ವಚನಗಳನ್ನು ನಾವು ಎಣ್ಣೆಯ ಅದ್ಭುತವೆಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಎಣ್ಣೆಗಿಂತ ಮುಂಚೆ ಅಲ್ಲಿ ಸಾಲದ ಮಾತು ಉಂಟು. ಸತ್ತವನು ಪ್ರವಾದಿ ಮಂಡಲಿಯವನು, ದೇವರಿಗೆ ಭಯಪಟ್ಟು ನಡೆದವನು. ಆದರೂ ಸಾಲವನ್ನು ಬಿಟ್ಟು ಸತ್ತನು. ಸಾಲ ಕೊಟ್ಟವನು ಅವನ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯುವದಕ್ಕೆ ಬಂದನು. ಜೀತವೆಂದರೇನೆಂದು ನಮ್ಮ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ಮನುಷ್ಯನು ಸೋಮಾರಿಯೆಂದಾಗಲಿ ದುಂದುಗಾರನೆಂದಾಗಲಿ ಗ್ರಂಥವು ಹೇಳುವದಿಲ್ಲ. ದೇವಸೇವಕನ ಮನೆಯಲ್ಲಿ ಸಾಲವಿದ್ದರೆ ಅದು ಅವನ ಪಾಪದ ಗುರುತೆಂದು ಆಡಿಕೊಳ್ಳುವವರು ಮೊದಲನೆಯ ವಚನವನ್ನು ಎರಡು ಸಾರಿ ಓದಲಿ.

ಎಲೀಷನು ಆಕೆಯನ್ನು ನೆರೆಯವರ ಬಳಿಗೆ ಕಳುಹಿಸಿ ಬರಿದಾದ ಪಾತ್ರೆಗಳನ್ನು ತರಿಸಿದನು. ನೆರೆಯವರು ಕೊಟ್ಟರು, ಅವರು ಕಲ್ಲೆದೆಯವರಲ್ಲ. ಆದರೆ ಸಾಲದವನು ಬಾಗಲಿಗೆ ಬರುವದಕ್ಕೆ ಮುಂಚೆ ಯಾರಾದರೂ ವಿಚಾರಿಸಿದರೆಂದು ಬರೆದಿಲ್ಲ. ಬೋಧಕರ ಮನೆಯ ಬಡತನವು ಹೀಗೆಯೇ ಮರೆಯಾಗಿರುವದು. ಯಾಕಂದರೆ ಕೂಲಿಯವನು ತನ್ನ ಕೂಲಿ ಸಾಲದೆಂದು ಒಡೆಯನ ಮುಂದೆ ಹೇಳಬಲ್ಲನು. ಬೋಧಕರು ಪ್ರಸಂಗಪೀಠದಲ್ಲಿ ನಿಂತು ತಮ್ಮ ಮನೆಯ ಹಿಟ್ಟಿನ ಗಡಿಗೆ ಬರಿದಾಯಿತೆಂದು ಹೇಳಲಾರರು. ಹೇಳಿದರೆ ಹಣದಾಸೆಯವರೆಂದು ಹೆಸರಿಡುತ್ತೇವೆ.

ಆಂಗ್ಲಿಕನ್ ಸಭೆಯವರು ಈ ಪಾಠವನ್ನು ಸಂಕಟದಲ್ಲಿ ಕಲಿತರು. ಇಂಗ್ಲೆಂಡಿನಲ್ಲಿ ಕ್ರಾಮ್‌ವೆಲ್ಲನ ಆಳಿಕೆಯ ಕಾಲದಲ್ಲಿ ಅನೇಕ ಪಾದ್ರಿಗಳು ತಮ್ಮ ಸಭೆಗಳಿಂದಲೂ ಮನೆಗಳಿಂದಲೂ ಹೊರಡಿಸಲ್ಪಟ್ಟಿದ್ದರು. 1655ನೆಯ ನವಂಬರ್ 8ರಂದು ಪಾದ್ರಿಗಳ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳು ಲಂಡನ್ನಿನ ಸಂತ ಪೌಲನ ದೇವಾಲಯದಲ್ಲಿ ಕೂಡಿಬಂದರು. ಜಾರ್ಜ್ ಹಾಲ್ ಎಂಬ ಪಾದ್ರಿಗಳು, ತಾವೂ ಪಾದ್ರಿಯ ಮಗನೇ, ಆರೋನನ ಕೋಲು ಚಿಗುರಿದ ಸಂಗತಿಯ ಮೇಲೆ ಪ್ರಸಂಗಿಸಿದರು. ಅಲ್ಲಿಂದ ಹುಟ್ಟಿದ ಸಂಘಕ್ಕೆ ಎರಡನೆಯ ಚಾರ್ಲ್ಸ್ ಅರಸನು 1678ರಲ್ಲಿ ಸನ್ನದು ಕೊಟ್ಟನು. ಬಡ ಪಾದ್ರಿಗಳ ವಿಧವೆಯರೂ ಮಕ್ಕಳೂ ಅದರ ಪಾಲಿನವರು. ಆ ಸಂಘವು ಇಂದಿಗೂ ಉಂಟು. 2019ರಿಂದ ಕ್ಲರ್ಜಿ ಸಪೋರ್ಟ್ ಟ್ರಸ್ಟ್ ಎಂದು ಕರೆಯಲ್ಪಡುತ್ತದೆ. ಹಣದ ತೊಂದರೆಗೆ ಮಾತ್ರವಲ್ಲ, ದೇಹದ ಮತ್ತು ಮನಸ್ಸಿನ ಬೇನೆಗೂ ಅದು ನೆರವಾಗುತ್ತದೆ.

ಅದು ಐಶ್ವರ್ಯವಂತರ ದೇಶವೆನ್ನುವಿರೋ? ಹಾಗಾದರೆ ಹತ್ತಿರಕ್ಕೆ ಬನ್ನಿರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, ಅದೇ ರಾಜ್ಯದ ಡೋರ್ನಕಲ್ಲಿನಲ್ಲಿ ವಿ. ಎಸ್. ಅಜರಾಯ ಎಂಬವರು 1912ರಿಂದ 1945ರ ವರೆಗೆ ಬಿಷಪ್ಪರಾಗಿದ್ದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಬಂದ ಮೊದಲನೆಯ ಭಾರತೀಯರು ಅವರೇ. ಅವರ ಸಭೆಯವರು ಹೆಚ್ಚಾಗಿ ಹೊಲೆಯ ಮಾದಿಗರಂತೆ ಊರ ಹೊರಗೆ ಇರಿಸಲ್ಪಟ್ಟ ಬಡ ತೆಲುಗು ಕೂಲಿಗಾರರು. ಅಡಿಗೆಗೆ ಇಡುವ ಅಕ್ಕಿಯಿಂದ ಒಂದು ಹಿಡಿಯನ್ನು ಸಭೆಗೆಂದು ತೆಗೆದಿಡುವದನ್ನೂ ಸುಗ್ಗಿಯ ಹಬ್ಬದಲ್ಲಿ ಬೆಳೆಯ ಪಾಲನ್ನು ತರುವದನ್ನೂ ಅವರು ರೂಢಿ ಮಾಡಿಕೊಂಡರು. ಬಡವರಿಂದ ಕೇಳಬಾರದೆಂಬ ಮಾತನ್ನು ಬಿಷಪ್ಪರು ಒಪ್ಪಲಿಲ್ಲ. ಪರದೇಶದ ಹಣವನ್ನೇ ನಂಬಿಕೊಂಡರೆ ಏನಾಗುವದೆಂಬದನ್ನು ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಯ ಸಭೆಗಳೂ ಕಂಡವು. ಹೇಗಂದರೆ, 1914ರಲ್ಲಿ ಆರಂಭವಾದ ಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಬೋಧಕರು ಬಂಧನಕ್ಕೆ ಒಳಗಾಗಿ ಅವರ ಕೆಲಸವೇ ಕೈಬಿಟ್ಟಿತು.

ಕಣದಲ್ಲಿ ಕೊಡುವದು ನಮಗೆ ಹೊಸದಲ್ಲ. ರಾಶಿಯಾದ ಮೇಲೆ ಬಡಿಗ, ಕಮ್ಮಾರ, ಅಗಸ ಮುಂತಾದವರಿಗೆ ಆಯ ಕೊಡುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ಆದರೆ ಅಲ್ಲಿ ಕೊಡುವವನು ಎತ್ತರದಲ್ಲಿಯೂ ತಕ್ಕೊಳ್ಳುವವನು ಸೆರಗೊಡ್ಡಿ ಕೆಳಗೂ ನಿಂತಿದ್ದನು. ನಮ್ಮಲ್ಲಿ ಅನೇಕರ ಅಜ್ಜಂದಿರು ಹಾಗೆ ನಿಂತವರೇ. ಬೋಧಕರಿಗೆ ಕೊಡುವದು ಆ ರೀತಿಯದಾಗಬಾರದು. 1 ಕೊರಿಂಥ 9ರಲ್ಲಿ ಪೌಲನು ಕಣ ತುಳಿಯುವ ಎತ್ತಿನ ನಿಯಮವನ್ನು ತೋರಿಸಿ ಇದನ್ನು ಹಕ್ಕೆಂದು ಹೇಳುತ್ತಾನೆ, ದಯೆಯೆಂದು ಹೇಳುವದಿಲ್ಲ. ನೆಹೆಮೀಯ 13ರಲ್ಲಿ ಪಾಲು ದೊರೆಯದ ಲೇವಿಯರು ದೇವಾಲಯವನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ನೆಹೆಮೀಯನು ಗದರಿಸಿದ್ದು ಓಡಿಹೋದವರನ್ನಲ್ಲ, ಅಧಿಕಾರಿಗಳನ್ನು.

ಇಲ್ಲಿ ಒಂದು ತೊಡಕುಂಟು. ಗಂಗಾವತಿ ಸೀಮೆಯಲ್ಲಿ ತುಂಗಭದ್ರೆಯ ಕಾಲುವೆಯ ನೀರಿನಿಂದ ಭತ್ತ ಬೆಳೆಯುವದು. ಕುಷ್ಟಗಿ ಯಲಬುರ್ಗಾಗಳ ಸಜ್ಜೆ ಜೋಳಗಳು ಹೆಚ್ಚಾಗಿ ಮಳೆಯನ್ನೇ ನೋಡಿಕೊಂಡಿವೆ. ಪ್ರತಿಯೊಂದು ಸಭೆಯೂ ತನ್ನ ಬೋಧಕರನ್ನು ಮಾತ್ರ ಸಾಕಿದರೆ, ಮಳೆ ಹೋದ ವರುಷ ಒಬ್ಬರ ಮಕ್ಕಳು ಉಣ್ಣುವರು, ಇನ್ನೊಬ್ಬರ ಮಕ್ಕಳು ಶಾಲೆ ಬಿಡುವರು. 2 ಕೊರಿಂಥ 8ರಲ್ಲಿ ಅಪೊಸ್ತಲನು ಮನ್ನವನ್ನು ನೆನಪಿಸಿ ಸಮಾನತೆಯನ್ನು ಕೇಳುವದು ಇದಕ್ಕೇ. ಆದಕಾರಣ ಕಾಣಿಕೆಯು ಒಂದೇ ಭಂಡಾರಕ್ಕೆ ಹೋಗಿ, ಅಲ್ಲಿಂದ ಸಂಬಳವು ಸರಿಯಾಗಿ ಹಂಚಲ್ಪಡುವದು ನ್ಯಾಯ. ತಮ್ಮ ಕಾಲುವೆಯ ಭತ್ತವು ಯಲಬುರ್ಗಾಕ್ಕೆ ಯಾಕೆ ಹೋಗಬೇಕೆಂದು ಕೇಳುವವರು ಕಾಲುವೆಯನ್ನು ತಾವೇ ತೋಡಿದರೋ ಎಂದು ಯೋಚಿಸಲಿ.

ಇನ್ನು ಮನೆಯ ವಿಷಯ. ಬೋಧಕರು ವಾಸಿಸುವ ಮನೆ ಸಾಮಾನ್ಯವಾಗಿ ಸಭೆಯದು. ಅವರು ನಿವೃತ್ತರಾದರೆ, ಇಲ್ಲವೆ ಸತ್ತರೆ, ಮುಂದಿನವರಿಗೆ ಅದನ್ನು ತೆರವು ಮಾಡಬೇಕು. ಗಂಡನನ್ನೂ ಮನೆಯನ್ನೂ ವಿಧವೆಯು ಒಟ್ಟಿಗೆ ಕಳಕೊಳ್ಳುವಳು. ಶವದ ಬಳಿಯಲ್ಲಿ ಚಂದಾ ಎತ್ತುವದು ಇದಕ್ಕೆ ಸಾಲದು. ಭವಿಷ್ಯನಿಧಿಯ ಹಣ ತಿಂಗಳು ತಿಂಗಳು ತುಂಬಲ್ಪಡುತ್ತದೋ, ಅದರಲ್ಲಿ ಹೆಂಡತಿಯ ಹೆಸರು ಬರೆಯಲ್ಪಟ್ಟಿದೆಯೋ, ಆಕೆಗೆ ಮನೆ ಬಿಡುವದಕ್ಕೆ ಎಷ್ಟು ತಿಂಗಳ ಅವಕಾಶ ಎಂಬ ಸಂಗತಿಗಳನ್ನು ಬೋಧಕರು ಬದುಕಿರುವಾಗಲೇ ಹಿರಿಯರು ವಿಚಾರಿಸಿ ಪುಸ್ತಕದಲ್ಲಿ ಬರೆದಿಡಬೇಕು.

ಆಯಾಸದ ವಿಷಯವನ್ನೂ ಮರೆಯಬಾರದು. ಎಲೀಯನು ಸಾಯುವದೇ ಲೇಸೆಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಪ್ರಸಂಗ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮತ್ತೆ ಮಲಗಗೊಟ್ಟನು (1 ಅರಸುಗಳು 19). ಐದಾರು ಹಳ್ಳಿಗಳನ್ನು ತಿರುಗುವ ಬೋಧಕರಿಗೆ ವಾರದಲ್ಲಿ ಒಂದು ದಿನ ಯಾರೂ ಬಾಗಲು ತಟ್ಟದಿರುವದೂ ಒಂದು ಕಾಣಿಕೆಯೇ. ಅವರ ಹೆಂಡತಿಯಾದರೋ ಬಾಣಂತಿಯರನ್ನು ನೋಡುತ್ತಾರೆ, ಸ್ತ್ರೀಯರಿಗೆ ಓದಿ ಹೇಳುತ್ತಾರೆ, ಬಂದವರಿಗೆಲ್ಲಾ ರೊಟ್ಟಿ ಬಡಿಯುತ್ತಾರೆ. ಸಂಬಳದ ಪಟ್ಟಿಯಲ್ಲಿ ಆ ಕೆಲಸಕ್ಕೆ ಸಾಲು ಇಲ್ಲ. ಈ ವರುಷ ರಾಶಿ ಮುಗಿದ ಮೇಲೆ ಹಿರಿಯರು ಬೋಧಕರ ಮನೆಗೆ ಹೋಗಿ ಸಾಲವುಂಟೋ ಎಂದು ಕೇಳುವಾಗ ತಮ್ಮ ಹೆಂಡತಿಯರನ್ನೂ ಕರಕೊಂಡು ಹೋಗಲಿ. ಅಡಿಗೆಮನೆಯ ಸಂಗತಿಯು ಅವರಿಗೇ ಮೊದಲು ತಿಳಿಯುವದು.