ದಾಕ್ಷಿಣ್ಯಕ್ಕೆ ಕೊಟ್ಟ ಮುಂಗಡ

ಪ್ರಶ್ನೆ: ನನಗೆ ಅರವತ್ತೊಂದು ವರ್ಷ. ಮೈಸೂರಿನಲ್ಲಿ ಮೂವತ್ತು ವರ್ಷ ಹಳೆಯ ಸ್ವಂತ ಮನೆ ಇದೆ. ಹೋದ ಬೇಸಿಗೆಯಲ್ಲಿ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಶಕ್ತಿ ಹೋಯಿತು. ಕೆಳಗಿನ ಬಚ್ಚಲಿಗೆ ವೆಸ್ಟರ್ನ್ ಕಮೋಡ್ ಹಾಕಿಸೋಣ, ಗೋಡೆಯ ತೇವವನ್ನೂ ಸರಿಮಾಡಿಸೋಣ ಎಂದು ಕೆಲಸ ಹಿಡಿಸಿದೆವು. ಮೇಸ್ತ್ರಿಯನ್ನು ಕಳಿಸಿದ್ದು ಭಾವನವರ ಮಗ. ಒಟ್ಟು 1,65,000 ರೂಪಾಯಿಗೆ ಮಾತಾಯಿತು. ಸಾಮಾನು ತರಬೇಕು, ಹುಡುಗರಿಗೆ ಬಟವಾಡೆ ಮಾಡಬೇಕು ಎಂದು ಕೇಳಿದಾಗಲೆಲ್ಲ ಕೊಡುತ್ತ ಹೋಗಿ 1,10,000 ಕೊಟ್ಟಾಗಿದೆ. ನೆಲ ಒಡೆದಿದ್ದಾರೆ, ಪೈಪಿನ ಕೆಲಸ ಅರ್ಧ ಆಗಿದೆ. ದೀಪಾವಳಿಗೆ ಊರಿಗೆ ಹೋದವರು ಐದು ವಾರವಾದರೂ ತಿರುಗಿ ಬಂದಿಲ್ಲ. ಫೋನ್ ಮಾಡಿದರೆ ‘ನಾಳೆ ಬರ್ತೀನಿ ಅಮ್ಮ’ ಅನ್ನುತ್ತಾನೆ. ಯಜಮಾನರನ್ನು ದಿನಾ ಪಕ್ಕದ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಗಟ್ಟಿಯಾಗಿ ಕೇಳಿದರೆ ಭಾವನವರ ಮನೆಯವರಿಗೆ ಬೇಜಾರಾದೀತು ಎಂಬ ಭಯ. ನಂಬುವಂಥ ಕೆಲಸದವರು ಸಿಗುವುದೇ ಇಲ್ಲವೇ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಕಾಗದ ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ನಿಂತದ್ದು ಪಕ್ಕದ ಮನೆಯ ಮೆಟ್ಟಿಲು ಹತ್ತುತ್ತಿರುವ ನಿಮ್ಮ ಯಜಮಾನರು. ಹಾಗಾಗಿ ದುಡ್ಡಿನ ವಿಷಯ ಆಮೇಲೆ. ಈ ವಾರವೇ ಒಂದು ಕಮೋಡ್ ಕುರ್ಚಿ ತರಿಸಿ. ಆಸ್ಪತ್ರೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವರು ಬಾಡಿಗೆಗೂ ಕೊಡುತ್ತಾರೆ. ಅದನ್ನು ಅವರ ಕೋಣೆಯಲ್ಲೇ ಇಟ್ಟರೆ ಅವರ ಕಷ್ಟ ತಪ್ಪುತ್ತದೆ, ನಿಮ್ಮ ಅವಸರವೂ ಇಳಿಯುತ್ತದೆ. ಅವಸರದಲ್ಲಿರುವವರ ಹತ್ತಿರ ಇನ್ನೊಂದು ಕಂತು ಕೇಳುವುದು ಸುಲಭ.

ಈಗ ದಾಕ್ಷಿಣ್ಯದ ಮಾತು. ಭಾವನವರ ಮಗ ಮೇಸ್ತ್ರಿಯನ್ನು ತೋರಿಸಿದನೇ ಹೊರತು ಅವನಿಗೆ ಜಾಮೀನು ನಿಂತಿಲ್ಲ. ಅವನ ಮೇಲೆ ಸಿಟ್ಟು ಬೇಡ, ಅವನಿಂದ ಮುಚ್ಚಿಡುವುದೂ ಬೇಡ. ‘ಕೆಲಸ ನಿಂತು ಐದು ವಾರ ಆಯಿತು ಕಣಪ್ಪ, ನೀನೇ ಒಂದು ಸಲ ಅವನನ್ನು ಕರೆದುಕೊಂಡು ಬಾ’ ಎಂದು ಹೇಳಿ. ಇದರಲ್ಲಿ ಯಾರ ಮನಸ್ಸೂ ನೋಯುವಂಥದ್ದಿಲ್ಲ. ನೀವು ಒಳಗೇ ಇಟ್ಟುಕೊಂಡು, ಮುಂದೆಂದೋ ಒಂದು ಮದುವೆ ಮನೆಯಲ್ಲಿ ಮಾತು ಹೊರಬಿದ್ದರೆ ಆಗ ನೋಯುತ್ತದೆ.

ಆ ಮೇಸ್ತ್ರಿ ಕಳ್ಳನೇ ಇರಬೇಕೆಂದಿಲ್ಲ. ಸಣ್ಣ ಮೇಸ್ತ್ರಿಗಳು ಒಂದೇ ಹೊತ್ತಿಗೆ ಮೂರು ನಾಲ್ಕು ಮನೆ ಹಿಡಿದಿರುತ್ತಾರೆ. ನೀವು ಕೊಟ್ಟ ಮುಂಗಡ ಇನ್ನೊಂದು ಮನೆಯ ಶನಿವಾರದ ಬಟವಾಡೆಗೆ ಹೋಗಿರುತ್ತದೆ. ನಿಮ್ಮ ಮನೆಯ ಕೆಲಸ ಮುಗಿಯಲು ಮೂರನೆಯವರ ಮುಂಗಡ ಬರಬೇಕು. ಅದು ಬಾರದಿದ್ದಾಗ, ಅಥವಾ ಹಬ್ಬಕ್ಕೆ ಊರಿಗೆ ಹೋದ ಹುಡುಗರು ಬೇರೆ ಮೇಸ್ತ್ರಿಯ ಕಡೆ ಸೇರಿದಾಗ, ‘ನಾಳೆ ಬರ್ತೀನಿ’ ಶುರುವಾಗುತ್ತದೆ. ಒಳ್ಳೆಯ ಮನುಷ್ಯನೂ ಈ ಸುಳಿಗೆ ಸಿಕ್ಕುತ್ತಾನೆ. ಅದಕ್ಕೇ ನಾನು ಹೇಳುವುದು: ನಂಬಿಕಸ್ಥರನ್ನು ಹುಡುಕುವುದು ಅರ್ಧ ಕೆಲಸ, ದುಡ್ಡು ಕೆಲಸಕ್ಕಿಂತ ಮುಂದೆ ಓಡದಂತೆ ಹಿಡಿಯುವುದು ಉಳಿದರ್ಧ. ನಿಮ್ಮ ಬಚ್ಚಲಿನಲ್ಲಿ ಮೂರರಲ್ಲಿ ಎರಡು ಪಾಲು ದುಡ್ಡು ಹೋಗಿದೆ, ಕೆಲಸ ಮೂರರಲ್ಲಿ ಒಂದು ಪಾಲೂ ಆದಂತೆ ಕಾಣುವುದಿಲ್ಲ.

ಅವನು ಬಂದು ಕೂರುವ ಮೊದಲು ನಿಮ್ಮ ಕೈಯಲ್ಲಿ ಲೆಕ್ಕ ಇರಲಿ. ಬಚ್ಚಲಿನ ನಾಲ್ಕೂ ಮೂಲೆಯ ಫೋಟೊ ತೆಗೆಯಿರಿ. ಯುಪಿಐ ಪಾವತಿಗಳ ವಿವರ ತೆಗೆದಿಡಿ. ನಗದು ಕೊಟ್ಟದ್ದಿದ್ದರೆ ತಾರೀಖು, ಮೊತ್ತ ಬರೆದು ‘ಇಷ್ಟು ತಲುಪಿದೆ ಅಲ್ಲವೇ’ ಎಂದು ವಾಟ್ಸಾಪಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಬೇರೊಬ್ಬ ಮೇಸ್ತ್ರಿಯನ್ನೋ ಪರಿಚಯದ ಸಿವಿಲ್ ಎಂಜಿನಿಯರನ್ನೋ ಕರೆದು ಈವರೆಗಿನ ಕೆಲಸ, ಸಾಮಾನಿನ ಬೆಲೆ ಕಟ್ಟಿಸಿ. ಆಮೇಲೆ ಎರಡೇ ದಾರಿ ಇಡಿ: ಇಂಥ ತಾರೀಖಿನೊಳಗೆ ಮುಗಿಸಿಕೊಡು, ಇಲ್ಲವೇ ಹೆಚ್ಚಾದ ದುಡ್ಡು ವಾಪಸು ಕೊಟ್ಟು ಬಿಡು. ಅವನು ಒಪ್ಪಿದ್ದನ್ನು ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಬಾರದೇ ಹೋದರೆ ಇದೇ ವಿವರ ಬರೆದು, ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ದುಡ್ಡು ಪಡೆದು ಮಾಡಿಕೊಡುವ ಇಂಥ ಕೆಲಸ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಲೆಕ್ಕಕ್ಕೆ ಬರುತ್ತದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ತೀರ್ಪಿಗೆ ಕಾಯಬೇಕಾಗುತ್ತದೆ ನಿಜ, ಆದರೆ ನೋಟಿಸು ತಲುಪಿದಾಗಲೇ ಎಷ್ಟೋ ಮಂದಿ ಮಾತಿಗೆ ಬರುತ್ತಾರೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಂದು ಹೇಳುವವರು ಸಿಗುತ್ತಾರೆ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಲಾಗದಿದ್ದರೆ ಅಲ್ಲಿ ಇದನ್ನು ಸಿವಿಲ್ ವ್ಯಾಜ್ಯ ಎಂದೇ ಹೇಳಿ ಕಳಿಸುತ್ತಾರೆ.

ಇನ್ನು ಹೊಸಬರನ್ನು ಹುಡುಕುವುದಾದರೆ, ಅವರು ಹೋದ ತಿಂಗಳು ಮುಗಿಸಿದ ಮನೆ ನೋಡಬೇಡಿ. ಹೊಸ ಟೈಲ್ಸ್ ಎಲ್ಲ ಕಡೆಯೂ ಹೊಳೆಯುತ್ತದೆ. ಎರಡು ಮಳೆಗಾಲ ಕಂಡ ಮನೆ ತೋರಿಸು ಎನ್ನಿ. ಅಲ್ಲಿನ ಮನೆಯಾಕೆಯನ್ನು ಕೇಳಬೇಕಾದದ್ದು ಒಂದೇ: ಲೆಕ್ಕ ಚುಕ್ತಾ ಆದ ಮೇಲೆ ಏನಾದರೂ ಕೆಟ್ಟಾಗ, ಕರೆದರೆ ಬಂದನೇ?

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಬಚ್ಚಲು ಹೊಸದು ಮಾಡಿಸಿ ಐದು ತಿಂಗಳಿಗೆ, ಗೋಡೆಯ ಆಚೆ ಬದಿಯಲ್ಲಿದ್ದ ಬೀರುವಿನೊಳಗೆ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಿತು. ವಾಟರ್‌ಪ್ರೂಫಿಂಗ್ ಬಳಿದ ಮರುದಿನವೇ ಟೈಲ್ಸ್ ಕೂರಿಸಿದ್ದರು, ನೀರು ನಿಲ್ಲಿಸಿ ನೋಡಿರಲಿಲ್ಲ. ಎಲ್ಲವನ್ನೂ ಮತ್ತೆ ಒಡೆಯಬೇಕಾಯಿತು. ಎರಡನೆಯ ಸಲ ಬಂದ ಮುದುಕ ಮೇಸ್ತ್ರಿ ಮೊದಲು ಕೊಳವೆಯ ಬಾಯಿಗೆ ಬಟ್ಟೆ ತುರುಕಿದ. ನಾಲ್ಕು ಬೆರಳು ನೀರು ಕಟ್ಟಿ, ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದ. ‘ಎರಡು ದಿನ ಯಾರೂ ಮುಟ್ಟಬೇಡಿ’ ಎಂದು ಹೇಳಿ ಹೋದ. 48 ಗಂಟೆ ಕಳೆದು ಬಂದವನು ಮೊದಲು ನೋಡಿದ್ದು ಆಚೆ ಬದಿಯ ಗೋಡೆಯನ್ನು. ಟೈಲ್ಸ್ ಹಾಕಿ ಒಣಗಿದ ಮೇಲೆ ಒಂದು ನಾಣ್ಯ ಹಿಡಿದು ಒಂದೊಂದನ್ನೂ ತಟ್ಟುತ್ತ ಬಂದ. ಕಮೋಡಿನ ಹಿಂದಿನ ಒಂದು ಟೈಲ್ಸ್ ಟೊಳ್ಳು ಸದ್ದು ಮಾಡಿತು. ನಮಗೆ ಅದು ಕಾಣುವ ಜಾಗವೇ ಅಲ್ಲ. ನಾವು ಕೇಳದಿದ್ದರೂ ತಾನೇ ಕಿತ್ತು ಮತ್ತೆ ಕೂರಿಸಿದ. ಅಂಥವರು ಈಗಲೂ ಇದ್ದಾರೆ ಎಂದು ಧೈರ್ಯವಾಗಿ ಹೇಳುತ್ತೇನೆ.

ನಿಮ್ಮ ಕಂತುಗಳನ್ನು ಈ ಘಟ್ಟಗಳಿಗೇ ಕಟ್ಟಿಹಾಕಿ. ಮುಂಗಡ ಹತ್ತರಲ್ಲಿ ಒಂದು ಪಾಲು ಸಾಕು. ಗೋಡೆ ಮುಚ್ಚುವ ಮೊದಲು ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯದಿದ್ದರೆ ಒಂದು ಕಂತು. ನೀರು ನಿಲ್ಲಿಸಿ ಗೆದ್ದರೆ ಇನ್ನೊಂದು. ಟೈಲ್ಸ್ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು, ಎಲ್ಲೂ ನಿಲ್ಲದೆ ನಹನಿ ಟ್ರ್ಯಾಪಿನ ಕಡೆ ಹರಿದರೆ ಮತ್ತೊಂದು. ಕೊನೆಯ ಹತ್ತನೇ ಒಂದು ಪಾಲನ್ನು ಒಂದು ತಿಂಗಳು ಬಳಸಿದ ಮೇಲೆ ಕೊಡಿ. ಇದನ್ನು ಮೊದಲೇ ಹೇಳಿದರೆ ಒಳ್ಳೆಯ ಕೆಲಸಗಾರ ಮುನಿಯುವುದಿಲ್ಲ. ನೀವೂ ಅಷ್ಟೇ, ಘಟ್ಟ ಮುಗಿದ ಸಂಜೆಯೇ ದುಡ್ಡು ಕೊಟ್ಟುಬಿಡಿ, ಹುಡುಗರ ಕೂಲಿ ಒಂದು ದಿನವೂ ತಡವಾಗಬಾರದು. ಸಾಮಾನನ್ನು ಮಾತ್ರ ಅವನ ಪಟ್ಟಿ ಹಿಡಿದು ನೀವೇ ಕೊಂಡುಕೊಳ್ಳಿ, ಬಿಲ್ಲು ನಿಮ್ಮ ಹೆಸರಲ್ಲಿರಲಿ. ಗೀಸರಿನ ವೈರಿಂಗನ್ನು ಗಾರೆಯವರ ಕೈಗೆ ಕೊಡದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ.

ಯಾವ ಮೇಸ್ತ್ರಿಗೂ ಹೊಳೆಯದ, ನೀವೇ ಹೇಳಬೇಕಾದ ಕೆಲವು ಸಂಗತಿಗಳಿವೆ. ಬಚ್ಚಲಿನ ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಗಾಲಿಕುರ್ಚಿ ಹೋಗಬೇಕಿದ್ದರೆ ಬಾಗಿಲು ಮೂರಡಿ ಅಗಲ ಬೇಕು. ನೆಲಕ್ಕೆ ಒರಟು ಟೈಲ್ಸನ್ನೇ ಹಾಕಿಸಿ. ಹಿಡಿಕಂಬಿ ಅವರ ಎಡಗೈ ಬದಿಯ ಗೋಡೆಗೆ ಬರಬೇಕು, ಆ ಗೋಡೆ ಮನುಷ್ಯನ ಭಾರ ತಡೆಯುವಂತಿದೆಯೇ ಎಂದು ಟೈಲ್ಸ್ ಹಾಕುವ ಮೊದಲೇ ಕೇಳಿ. ಎತ್ತರವನ್ನು ಅಂದಾಜಿನಲ್ಲಿ ಹೇಳಬೇಡಿ. ಕಮೋಡಿನಷ್ಟೇ ಎತ್ತರದ ಕುರ್ಚಿಯನ್ನು ಗೋಡೆಯ ಪಕ್ಕ ಇಟ್ಟು ಯಜಮಾನರನ್ನು ಕೂರಿಸಿ. ಏಳುವಾಗ ಅವರ ಎಡಗೈ ಎಲ್ಲಿ ಊರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಭಾವನವರ ಮಗನಿಗೆ ಇವತ್ತು ಸಂಜೆಯೇ ಫೋನ್ ಮಾಡಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.