ಕಿವಿ ಆಪರೇಷನ್ ಆದಮೇಲೆ ಎಷ್ಟು ಕೇಳಿಸುತ್ತದೆ?

ಓಟೋಸ್ಕ್ಲೆರೋಸಿಸ್ ಇರುವವರಲ್ಲಿ ಹಲವರಿಗೆ ಮನೆಯೊಳಗಿನ ಮೆಲುಮಾತು ಕೇಳಿಸದು, ಹಿಟ್ಟಿನ ಗಿರಣಿಯ ಗದ್ದಲದಲ್ಲಿ, ಹಾಸನದ ಬಸ್ಸಿನಲ್ಲಿ ಮಾತ್ರ ಮಾತು ಸಲೀಸಾಗಿ ಕೇಳಿಸುತ್ತದೆ. ‘ಬೇಕಾದಾಗ ಕೇಳಿಸುತ್ತೆ, ಬೇಡದಾಗ ಇಲ್ಲ’ ಎಂದು ಮನೆಯವರು ಆಡಿಕೊಳ್ಳುವುದು ಅನ್ಯಾಯ. ಇದು ಕಾಯಿಲೆಯ ಗುಣವೇ. ಒಳಕಿವಿಯ ಬಾಗಿಲಿನಲ್ಲಿ ಸುಮಾರು 3 ಮಿ.ಮೀ. ಎತ್ತರದ, ರಿಕಾಪಿನ ಆಕಾರದ ಸ್ಟೇಪಿಸ್ ಮೂಳೆ ಅಲುಗಾಡದಂತೆ ಬಿಗಿದುಕೊಂಡಿರುತ್ತದೆ. ಹೆಂಗಸರಲ್ಲಿ ಹೆಚ್ಚು.

1956ರಲ್ಲಿ ಅಮೆರಿಕದ ಡಾ. ಜಾನ್ ಶೇ ಆ ಮೂಳೆಯನ್ನು ತೆಗೆದು ಟೆಫ್ಲಾನ್‌ನ ಕೃತಕ ಮೂಳೆ ಕೂರಿಸಿದರು. ಈಗ ಹೆಚ್ಚಾಗಿ ಮೂಳೆಯ ಬುಡದಲ್ಲಿ ಸಣ್ಣ ರಂಧ್ರ ಮಾಡಿ ಪುಟ್ಟ ಕೃತಕ ಪಿಸ್ಟನ್ ಇಳಿಸುತ್ತಾರೆ.

ಮೊದಲು ಆಡಿಯೋಗ್ರಾಂ ಓದಿಸಿಕೊಳ್ಳಿ

ಆಡಿಯೋಗ್ರಾಂ ಎಂದರೆ ಶ್ರವಣ ಪರೀಕ್ಷೆಯ ಹಾಳೆ. ಹಾಸನ ಜಿಲ್ಲೆಯ ಅರಕಲಗೂಡಿನವರು ಇದನ್ನು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲೋ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲೋ ವಿಚಾರಿಸಬಹುದು. ಹಾಳೆಯಲ್ಲಿ ಎರಡು ಗೆರೆಗಳಿರುತ್ತವೆ. ಒಂದು ಗಾಳಿಯ ಮೂಲಕ ಕೇಳಿಸಿದ್ದು, ಇನ್ನೊಂದು ಕಿವಿಯ ಹಿಂದಿನ ಮೂಳೆಯ ಮೂಲಕ ಕೇಳಿಸಿದ್ದು. ಆಪರೇಷನ್ ತುಂಬುವುದು ಈ ಎರಡರ ನಡುವಿನ ಅಂತರವನ್ನು. ಗಾಳಿಯ ಗೆರೆ 55 ಡೆಸಿಬಲ್, ಮೂಳೆಯದು 20 ಇದ್ದರೆ ಅಂತರ 35. ಆಪರೇಷನ್ ನಂತರ ಗಾಳಿಯ ಗೆರೆ 25ಕ್ಕೆ ಬಂದರೆ ಒಳ್ಳೆಯ ಫಲಿತಾಂಶ. ಮೂಳೆಯ ಗೆರೆಯೇ 45ರಲ್ಲಿದ್ದರೆ ನರವೂ ದುರ್ಬಲ ಎಂದರ್ಥ. ಅಂಥವರಿಗೆ ಆಪರೇಷನ್ ಆದಮೇಲೂ ಶ್ರವಣಯಂತ್ರ ಬೇಕಾಗಬಹುದು. ‘ನನ್ನ ಮೂಳೆಯ ಗೆರೆ ಎಲ್ಲಿದೆ?’ ಎಂದು ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ನುರಿತವರ ಕೈಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಅಂತರ 10 ಡೆಸಿಬಲ್ ಒಳಗೆ ಬರುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿಯ ಶ್ರವಣ ಪೂರ್ತಿ ಹೋಗಬಹುದು. ಹೆಚ್ಚು ಮಂದವಾದ ಕಿವಿಯನ್ನೇ ಮೊದಲು ಆರಿಸುವುದು ಇದೇ ಕಾರಣಕ್ಕೆ. ಆಪರೇಷನ್ ಬೇಡವೆನ್ನುವವರಿಗೆ ಶ್ರವಣಯಂತ್ರವೂ ಚೆನ್ನಾಗಿ ಒಗ್ಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲ ವಾರಗಳು

ಟೇಬಲ್ ಮೇಲೆಯೇ ಕೇಳಿಸಿತೆಂದು ಹಿಗ್ಗಿದವರು ಮಾರನೇ ದಿನ ಕುಗ್ಗುವುದುಂಟು. ಕಿವಿಯೊಳಗೆ ಪ್ಯಾಕ್ ಇರುತ್ತದೆ, ಮಧ್ಯಕಿವಿಯಲ್ಲಿ ರಕ್ತ ನಿಂತಿರುತ್ತದೆ. ಎರಡು–ಮೂರು ದಿನ ತಲೆ ತಿರುಗುವುದು, ನಾಲಿಗೆಯ ಒಂದು ಬದಿಗೆ ಲೋಹದ ರುಚಿ ಬರುವುದು ಸಾಮಾನ್ಯ. ಪ್ಯಾಕ್ ತೆಗೆದ ಮೇಲೆ ಪಾತ್ರೆ ತೊಳೆಯುವ ಸದ್ದೂ ಕಿವಿಗೆ ಚುಚ್ಚಿದಂತೆ ಕೇಳಿಸುತ್ತದೆ.

ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಸ್ನಾನದ ಹೊತ್ತಿನಲ್ಲಿ ವ್ಯಾಸಲೀನ್ ಸವರಿದ ಹತ್ತಿ ಇಡಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಂತೂ ಕಿವಿಯ ಹತ್ತಿರ ಸುಳಿಯಲೇಬಾರದು. ಆಲೂಗೆಡ್ಡೆ, ಶುಂಠಿ ಮೂಟೆ ಹೊರುವುದು, ಹೊಗೆಸೊಪ್ಪಿನ ಹೊರೆ ಎತ್ತುವುದು ವೈದ್ಯರು ಸರಿ ಎನ್ನುವವರೆಗೆ ಬೇಡ. ಸುಗ್ಗಿ ಮುಗಿದ ಮೇಲೆ ತಾರೀಕು ಹಾಕಿಸಿಕೊಳ್ಳುವುದೇ ವಾಸಿ. ಬಿಸ್ಲೆ ಘಾಟಿ ಇಳಿದು ಕುಕ್ಕೆಗೆ ಹೋಗುವ ಹರಕೆ ಇದ್ದರೆ ಅದನ್ನೂ ಮುಂದಕ್ಕೆ ಹಾಕಿ; ಘಾಟಿಯಲ್ಲಿ ಒತ್ತಡ ಬದಲಾಗಿ ಕಿವಿ ಕಟ್ಟಿಕೊಳ್ಳುತ್ತದೆ.

ಬರುತ್ತಿದ್ದ ಶ್ರವಣ ದಿಢೀರನೆ ಇಳಿದರೆ, ತಲೆಸುತ್ತು ಜಾಸ್ತಿಯಾದರೆ, ಜ್ವರ, ಕೀವು ಕಂಡರೆ ಅಥವಾ ಮುಖ ಸೊಟ್ಟಗಾದರೆ ಅದೇ ದಿನ ಆಪರೇಷನ್ ಮಾಡಿದ ವೈದ್ಯರ ಬಳಿಗೆ ಹೋಗಿ. ಸೋಮವಾರದ ಒಪಿಡಿಗೆಂದು ಕಾಯಬೇಡಿ.

ಫಲಿತಾಂಶ ನೋಡುವುದು ಯಾವಾಗ?

ಆರು ವಾರ ಆದಾಗ ಒಮ್ಮೆ, ಮೂರು ತಿಂಗಳು ಆದಾಗ ಇನ್ನೊಮ್ಮೆ ಆಡಿಯೋಗ್ರಾಂ ಮಾಡಿಸಿ ಹಳೆಯದರ ಪಕ್ಕ ಇಟ್ಟು ನೋಡಿ. ಕಿವಿಯ ಗುಂಯ್‌ಗುಡುವಿಕೆ ಹಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಎರಡನೇ ಕಿವಿಯ ಮಾತು ಮೊದಲನೆಯದು ನೆಲೆಗೊಂಡ ಮೇಲೆ, ಸಾಮಾನ್ಯವಾಗಿ ಆರು ತಿಂಗಳು ಕಳೆದ ನಂತರ.

ಪಿಸ್ಟನ್ ಯಾವುದು ಎಂದು ಬರೆದ ಡಿಸ್‌ಚಾರ್ಜ್ ಕಾರ್ಡನ್ನು ಆಡಿಯೋಗ್ರಾಂಗಳ ಜೊತೆಗೇ ಜೋಪಾನವಾಗಿಡಿ. ಮುಂದೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಳಗೆ ಹೋಗುವ ಮೊದಲು ಅದನ್ನು ತೋರಿಸಿ.