ಹಿರಿಯರ ಸಮಾಧಿಶಿಲೆಯ ರಕ್ಷಣೆ

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ನೆಲದಡಿಯಲ್ಲಿ ಹರಡಿರುವುದು ಹೆಚ್ಚಾಗಿ ಬಸಾಲ್ಟ್ ಎಂಬ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಆರಿ ಗಟ್ಟಿಯಾದುದೇ ಇದು. ಮುದ್ದೇಬಿಹಾಳ, ತಾಳಿಕೋಟೆಗಳ ಕಡೆಗೆ ಸುಣ್ಣಕಲ್ಲಿನ ಪದರಗಳೂ ಉಂಟು. ಲಿಂಗಾಯತರ ಸಮಾಧಿಗಾಗಲಿ ಮುಸಲ್ಮಾನರ ಗೋರಿಗಾಗಲಿ ಸಮೀಪದಲ್ಲಿ ದೊರೆಯುವ ಕಲ್ಲನ್ನು ಬಳಸುವುದು ಸಹಜ. ಆದುದರಿಂದ ತೊಳೆಯುವ ಮುನ್ನ ಕಲ್ಲಿನ ಜಾತಿಯನ್ನರಿಯುವುದು ಲೇಸು.

ಮೊದಲೇ ಕಳಚಿಬಿದ್ದ, ಸುಣ್ಣ ಬಳಿದಿರದ ಚಕ್ಕೆಯೊಂದನ್ನು ಕೆರೆದು, ಆ ಪುಡಿಯ ಮೇಲೆ ನಿಂಬೆರಸವನ್ನು ಹಿಂಡಿರಿ. ಗುಳ್ಳೆಗಳೆದ್ದರೆ ಅದು ಸುಣ್ಣಕಲ್ಲೆಂದು ತಿಳಿಯಬಹುದು. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟು ಹುಳಿಯೊಡನೆ ಕೂಡಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಎಂದರೆ ಕಲ್ಲೇ ಕರಗುತ್ತಿದೆ! ಹಿತ್ತಾಳೆಗೆ ಹೊಳಪು ಕೊಡುವ ಹುಣಿಸೆಹುಳಿ, ಬಚ್ಚಲಿಗೆ ಹಾಕುವ ಆಸಿಡ್ಡು ಇವು ಕೆತ್ತಿದ ಅಕ್ಷರಗಳನ್ನು ಸವೆಸುವ ಬಗೆ ಇದೇ.

ಸೋಡಾ, ಸಾಬೂನುಪುಡಿಗಳೂ ಬೇಡ. ಅವುಗಳ ಲವಣವು ಕಲ್ಲಿನ ರಂಧ್ರಗಳನ್ನು ಹೊಕ್ಕು, ನೀರಾರಿದಾಗ ಹರಳುಗಟ್ಟಿ, ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಉಪ್ಪುನೀರಿನ ಬಾವಿಯ ನೀರೂ ಇದೇ ಕಾರಣದಿಂದ ತಕ್ಕುದಲ್ಲ.

ಮತ್ತೇನು ಮಾಡಬೇಕು? ಸಿಹಿನೀರಿನಿಂದ ಕಲ್ಲನ್ನು ಚೆನ್ನಾಗಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿರಿ. ಕೊಳೆನೀರು ಒಣಕಲ್ಲಿನ ಮೇಲಿಳಿದು ಕಲೆಯಾಗದು. ನೆನೆದ ಕಲ್ಲುಹೂವನ್ನು ಬಿದಿರಿನ ಸೀಳಿನಿಂದ ಮೆಲ್ಲನೆ ಎಬ್ಬಿಸಿರಿ. ತಂತಿಯ ಬ್ರಷ್ಷು ಸಲ್ಲದು. ಪದರ ಬಿಡುತ್ತಿರುವ ಕಲ್ಲನ್ನು ಮುಟ್ಟದಿರುವುದೇ ಕ್ಷೇಮ. ಬಿರುಕಿಗೆ ಸಿಮೆಂಟಿಗಿಂತ ಸುಣ್ಣದ ಗಾರೆಯೇ ಉತ್ತಮ; ಅದು ಒಳಗಿನ ತೇವವನ್ನು ಹೊರಹೋಗಗೊಡುತ್ತದೆ.

ಕಲ್ಲು ಹೊಸದರಂತೆ ಹೊಳೆಯಬೇಕಾಗಿಲ್ಲ. ಹಿರಿಯರ ಹೆಸರು ಮೊಮ್ಮಕ್ಕಳ ಕಣ್ಣಿಗೂ ಓದಲು ಸಿಕ್ಕಿದರೆ ಸಾಕು.